ರಗತ ಬರವಲ್ದು ಅಕ್ಕಾ

ಬೆಳಗಿನ ಆರರ ಸುಮಾರಿಗೆ ಫೋನು ಬಂತೆಂದರೆ ಆಚೆ ಕಡೆಯವರು ಏನು ಹೇಳುತ್ತಾರೆಂದು ನನಗೆ ಈಗ ಮೊದಲೇ ಗೊತ್ತಾಗುತ್ತದೆ. "ಅಕ್ಕಾ, ಮೂರು ಸಲ ಚುಚ್ಚೀನ್ರಿ, ರಗತ ಬರವಲ್ದು." ಉಮರ್ಗಾದಿಂದ ಬರುತ್ತದೆ, ನಿಲಂಗಾದ ಹಳ್ಳಿಗಳಿಂದ ಬರುತ್ತದೆ, ಉದಗೀರದ ನಮ್ಮ ಹಿಂದಿನ ಓಣಿಯಿಂದಲೂ ಬರುತ್ತದೆ. ಈ ಅಂಕಣದಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಬರೆದಾಗಲೆಲ್ಲ ಏನು ಉಣ್ಣಬೇಕು, ಏನು ಬಿಡಬೇಕು ಎಂದು ಕೇಳುವವರು ನಾಲ್ಕು ಮಂದಿಯಾದರೆ, ಬೆರಳಿನಿಂದ ಒಂದು ಹನಿ ರಕ್ತ ತೆಗೆಯುವುದು ಹೇಗೆ ಎಂದು ಕೇಳುವವರು ಹತ್ತು ಮಂದಿ. ಹಾಗಾಗಿ ಈ ವಾರ ಅದೊಂದನ್ನೇ ಬರೆಯುತ್ತೇನೆ.

ನಾನು ಡಾಕ್ಟರಲ್ಲ. ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ಕೂತು ಜನರ ರಕ್ತ ತೆಗೆದವಳು. ಮೊದಲು ಉಮರ್ಗಾದಲ್ಲಿ, ಆಮೇಲೆ ಉದಗೀರದಲ್ಲಿ. ಔಷಧದ ಪ್ರಮಾಣ ಹೇಳುವುದು ನನ್ನ ಕೆಲಸವಲ್ಲ. ಆದರೆ ಬೆರಳನ್ನು ನಾನು ಬಲ್ಲೆ. ಎಷ್ಟು ಸಾವಿರ ಬೆರಳು ಹಿಡಿದಿದ್ದೇನೋ ಲೆಕ್ಕವಿಟ್ಟಿಲ್ಲ. ಅವುಗಳಲ್ಲಿ ರಕ್ತವೇ ಇಲ್ಲದ ಬೆರಳು ಒಂದನ್ನೂ ಕಂಡಿಲ್ಲ.

ನಮ್ಮ ಚಿಗವ್ವನ ವಿಷಯದಿಂದ ಶುರು ಮಾಡುತ್ತೇನೆ. ನಿಲಂಗಾ ತಾಲೂಕಿನಲ್ಲಿ, ಔರಾದ್ ಶಹಾಜಾನಿ ಕಡೆಗೆ ಹೋಗುವ ಹಾದಿಯ ಒಂದು ಹಳ್ಳಿಯಲ್ಲಿರುತ್ತಾಳೆ. ವಯಸ್ಸು ಅರವತ್ತೆಂಟು. ಶುಗರ್ ಬಂದು ಒಂಬತ್ತು ವರ್ಷ. ಪುಣೆಯಲ್ಲಿರುವ ಮಗ ಕೊರಿಯರ್‌ನಲ್ಲಿ ಮಷೀನು ಕಳಿಸಿದ. ಡಬ್ಬಿಯಲ್ಲಿ ಮಷೀನು, ಚುಚ್ಚುವ ಪೆನ್ನು, ಇಪ್ಪತ್ತೈದು ಸ್ಟ್ರಿಪ್ಪು, ಇಪ್ಪತ್ತೈದು ಸೂಜಿ. ಹದಿನೈದು ದಿನ ಬಿಟ್ಟು ನಾನು ಹೋದಾಗ ಸಾಕಾಗಿ ಡಬ್ಬಿಯನ್ನು ದೇವರ ಮಾಡದ ಪಕ್ಕದಲ್ಲಿ ಮುಚ್ಚಿ ಇಟ್ಟುಬಿಟ್ಟಿದ್ದಳು. ಹನ್ನೊಂದು ಸ್ಟ್ರಿಪ್ಪು ಹಾಳಾಗಿದ್ದವು. ವಹಿಯಲ್ಲಿ ಬರೆದದ್ದು ಮಾತ್ರ ಎರಡೇ ಎರಡು ಅಂಕಿ. "ನನ್ನ ಮೈಯಾಗಿನ ರಗತ ಆರಿ ಹೋಗ್ಯಾದ ಮಗಾ. ಹಿಂಡಿ ಹಿಂಡಿ ಬಟ್ಟು ನೀಲಿಗಟ್ಟಿದ್ರೂ ಒಂದು ಹನಿ ಬೀಳವಲ್ದು," ಎಂದಳು. ಅಳುವಂತಾಗಿದ್ದಳು. ಸೂಜಿಯ ನೋವು ಅವಳಿಗೆ ದೊಡ್ಡದಾಗಿರಲಿಲ್ಲ. ತನ್ನ ದೇಹದಲ್ಲಿ ಏನೋ ಮುಗಿದುಹೋಗಿದೆ ಎಂಬ ಹೆದರಿಕೆ ಅವಳನ್ನು ತಿನ್ನುತ್ತಿತ್ತು.

ಅವಳ ಬಲಗೈ ನನ್ನ ಕೈಯಲ್ಲಿ ತೆಗೆದುಕೊಂಡೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರರ ತುದಿಯೂ ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾಗಿ, ನುಣುಪಾಗಿ, ಹಳದಿಗೆ ತಿರುಗಿದ್ದವು. ಬೆರಳಚ್ಚಿನ ಗೆರೆಗಳೇ ಸವೆದಿದ್ದವು. ಐವತ್ತು ವರ್ಷದಿಂದ ಆ ಕೈ ಜೋಳದ ರೊಟ್ಟಿ ಬಡಿದಿದೆ, ಹಂಚಿನ ಮೇಲಿನ ರೊಟ್ಟಿಯನ್ನು ಚಿಮಟಿಗೆ ಇಲ್ಲದೆ ಬರಿ ಬೆರಳಿನಿಂದ ತಿರುವಿದೆ. ನಡುಬೆರಳಿನ ಪಕ್ಕಕ್ಕೆ ಎರಡು ಸಣ್ಣ ಬಿರುಕು, ಒಳಗೆ ಕಪ್ಪು ಮಣ್ಣು ಕೂತು ಹೋಗಿತ್ತು. ಅವು ಕಡಲೆ ಕಿತ್ತಾಗ ಆದವು. ಕಡಲೆ ಗಿಡದ ಎಲೆಯ ಮೇಲೆ ಇಬ್ಬನಿಯ ಹಾಗೆ ಹುಳಿ ಇರುತ್ತದಲ್ಲ, ಅದು ದಿನವಿಡೀ ಕೈಗೆ ತಾಗಿದರೆ ಚರ್ಮ ಸುಟ್ಟಂತಾಗಿ ಬಿರಿಯುತ್ತದೆ. ಸೋಯಾಬೀನ್ ಕೊಯ್ಯುವಾಗ ಒಣಗಿದ ಕಾಯಿಯ ಮೊನೆ ಚುಚ್ಚುತ್ತದೆಂದು ನಮ್ಮ ಕಡೆ ಹೆಂಗಸರು ಹಳೆಯ ಬಟ್ಟೆ ಸುತ್ತಿಕೊಂಡು ಹೊಲಕ್ಕಿಳಿಯುತ್ತಾರೆ. ಇಂಥ ಕೈಯ ಬೆರಳ ತುದಿಗೆ, ನಟ್ಟನಡುವೆ, ಕೂದಲಿನಷ್ಟು ಸಣ್ಣ ಸೂಜಿಯನ್ನು ಪೆನ್ನಿನ ಎರಡನೇ ನಂಬರಿಗೆ ಇಟ್ಟು ಚುಚ್ಚಿದ್ದಳು ಚಿಗವ್ವ. ಸೂಜಿ ಸತ್ತ ಚರ್ಮದಲ್ಲೇ ನಿಂತಿತ್ತು. ರಕ್ತ ಇರುವ ಜಾಗಕ್ಕೆ ಅದು ಮುಟ್ಟಿರಲೇ ಇಲ್ಲ.

ಇದನ್ನು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಮಗ ಡಬ್ಬಿ ಕಳಿಸಿದ. ಅಂಗಡಿಯವರು ಬಿಲ್ಲು ಕೊಟ್ಟರು. ಡಾಕ್ಟರು "ಘರೀ ಶುಗರ್ ತಪಾಸಾ" ಎಂದು ಮರಾಠಿಯಲ್ಲಿ ಹೇಳಿ ಮುಂದಿನ ಪೇಷಂಟನ್ನು ಕರೆದರು. ಡಬ್ಬಿಯೊಳಗಿನ ಕಾಗದ ಇಂಗ್ಲಿಷಿನಲ್ಲಿತ್ತು, ಹಿಂದೆ ಹಿಂದಿಯಲ್ಲಿ ನಾಲ್ಕು ಸಾಲು. ನಮ್ಮದು ಈ ಕಡೆಯ ಹಣೆಬರಹ. ಉದಗೀರ, ನಿಲಂಗಾ ಎರಡೂ 1956ರವರೆಗೆ ಬೀದರ ಜಿಲ್ಲೆಯ ತಾಲೂಕುಗಳು. ರಾಜ್ಯ ಹಂಚಿಕೆಯಾದಾಗ ಮರಾಠಿ ಸೀಮೆಗೆ ಹೋದವು, ಮನೆಯ ಮಾತು ಕನ್ನಡವೇ ಉಳಿಯಿತು. ಅವ್ವನ ಜೊತೆ ಕನ್ನಡ, ಶಾಲೆಯಲ್ಲಿ ಮರಾಠಿ, ಅಜ್ಜನ ಕಾಲದ ಹೊಲದ ಕಾಗದ ಉರ್ದುವಿನಲ್ಲಿ. ಬದುಕು ಹೇಗೋ ನಡೆಯುತ್ತದೆ, ಬೆರಳಿಗೆ ಮರಾಠಿಯವರು ಅನ್ನುವ ಬೋಟ ನಾವು ಅನ್ನುವ ಬಟ್ಟಿಗೆ ಬಹಳ ದೂರವಲ್ಲ. ಆದರೆ ಕಾಯಿಲೆಯ ಮಾತು ಬಂದಾಗ, ಮೈಯ ಒಳಗಿನ ಭಯದ ಮಾತು ಬಂದಾಗ, ಮನೆಯ ಭಾಷೆಯಲ್ಲಿ ಕೂತು ತಿಳಿಸುವವರು ಬೇಕಾಗುತ್ತದೆ. ಚಿಗವ್ವನಂಥವರು ಡಾಕ್ಟರ ಮುಂದೆ "ಹೋ, ಹೋ" ಎಂದು ತಲೆಯಾಡಿಸಿ ಬರುತ್ತಾರೆ. ಮನೆಗೆ ಬಂದು ನನಗೆ ಫೋನು ಮಾಡುತ್ತಾರೆ.

ಮೊದಲು ಆ ಹೆದರಿಕೆಯನ್ನು ತೆಗೆಯೋಣ. ದೊಡ್ಡವರ ದೇಹದಲ್ಲಿ ಹೆಚ್ಚುಕಡಿಮೆ ನಾಲ್ಕರಿಂದ ಐದು ಲೀಟರ್ ರಕ್ತ ಇರುತ್ತದೆ. ಒಂದು ಲೀಟರ್ ಎಂದರೆ 10 ಲಕ್ಷ ಮೈಕ್ರೋಲೀಟರ್. ಈಗಿನ ಮಷೀನುಗಳು ಕೇಳುವುದು ಒಂದು ಮೈಕ್ರೋಲೀಟರ್ ಅಥವಾ ಅದಕ್ಕೂ ಕಡಿಮೆ, ಕೆಲವಕ್ಕೆ ಅರ್ಧವೂ ಬೇಡ. ಸಾಸಿವೆ ಕಾಳಿನಷ್ಟು ಹನಿ ಸಾಕು, ಅದರಲ್ಲೂ ಉಳಿಯುತ್ತದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹೀಗಿರಲಿಲ್ಲ. ಹಳ್ಳಿಯಿಂದ ಬಂದವರ ಮೂತ್ರವನ್ನು ಪರೀಕ್ಷಾ ನಳಿಕೆಯಲ್ಲಿ ನೀಲಿ ಬೆನೆಡಿಕ್ಟ್ ದ್ರಾವಣದ ಜೊತೆ ಕುದಿಸಿ, ಬಣ್ಣ ಹಸಿರಿಗೆ ತಿರುಗಿತೋ, ಹಳದಿಗೋ, ಇಟ್ಟಿಗೆ ಕೆಂಪಿಗೋ ಎಂದು ನೋಡಿ ಬರೆಯುತ್ತಿದ್ದೆವು. ರಕ್ತದ ಪಟ್ಟಿ ಬಂದಾಗಲೂ ಅದರ ಮೇಲಿನ ಚೌಕ ಪೂರ್ತಿ ಮುಚ್ಚುವಷ್ಟು ದಪ್ಪ ಹನಿ ಬೇಕಾಗುತ್ತಿತ್ತು. ಒಂದು ನಿಮಿಷ ಗಡಿಯಾರ ನೋಡಿ, ರಕ್ತ ತೊಳೆದು, ಡಬ್ಬಿಯ ಮೇಲಿನ ಬಣ್ಣದ ಜೊತೆ ಹೋಲಿಸಬೇಕಿತ್ತು. ಅಮೆರಿಕದಲ್ಲಿ ರಿಚರ್ಡ್ ಬರ್ನ್‌ಸ್ಟೀನ್ ಎಂಬ ಎಂಜಿನಿಯರರು, ಎಳೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ ಇದ್ದವರು, 1970ರ ಆಸುಪಾಸಿನಲ್ಲಿ ಆಸ್ಪತ್ರೆಗಳಿಗಷ್ಟೇ ಮಾರುತ್ತಿದ್ದ ಮೀಟರನ್ನು ಡಾಕ್ಟರಾಗಿದ್ದ ಹೆಂಡತಿಯ ಹೆಸರಿನಲ್ಲಿ ತರಿಸಿ, ಮನೆಯಲ್ಲೇ ದಿನಕ್ಕೆ ಹಲವು ಸಲ ಬೆರಳು ಚುಚ್ಚಿ ನೋಡಿಕೊಂಡರು. ರೋಗಿ ತನ್ನ ಸಕ್ಕರೆಯನ್ನು ತಾನೇ ನೋಡಿಕೊಳ್ಳಬಹುದೆಂದು ವೈದ್ಯರಿಗೆ ತೋರಿಸಿಕೊಟ್ಟವರಲ್ಲಿ ಅವರು ಮೊದಲಿಗರು. ನಡುವಯಸ್ಸಿನಲ್ಲಿ ತಾವೇ ವೈದ್ಯಕೀಯ ಓದಿ ಡಾಕ್ಟರಾದರು. ಅವರಿಗೆ ಬೇಕಾಗಿದ್ದ ಹನಿಯ ಮುಂದೆ ಈಗ ಚಿಗವ್ವನಿಗೆ ಬೇಕಾದದ್ದು ತೀರಾ ಸಣ್ಣದು.

ಹಾಗಾದರೆ ಅಷ್ಟು ಸಣ್ಣ ಹನಿಯೂ ಯಾಕೆ ಬರುವುದಿಲ್ಲ? ಚರ್ಮದ ಮಾತು ಆಯಿತು. ಇನ್ನೊಂದು ಕಾರಣ ಚಳಿ. ಬೆರಳ ತುದಿಯಲ್ಲಿ ಸಣ್ಣ ಸಣ್ಣ ರಕ್ತನಾಳಗಳ ದಟ್ಟ ಬಲೆ ಇದೆ. ದೇಹಕ್ಕೆ ಚಳಿಯಾದರೆ, ಹೆದರಿಕೆಯಾದರೆ, ಅದು ಮೊದಲು ಮಾಡುವ ಕೆಲಸ ಈ ಬಲೆಯ ಬಾಗಿಲು ಮುಚ್ಚುವುದು. ಶಾಖವನ್ನೂ ರಕ್ತವನ್ನೂ ಒಳಗಿನ ಅಂಗಗಳಿಗೆ ಉಳಿಸಿಕೊಳ್ಳುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು 1993ರ ಸೆಪ್ಟೆಂಬರ್ 30ರಂದು.

ಅವತ್ತು ಕಿಲ್ಲಾರಿ, ಸಾಸ್ತೂರು ಕಡೆ ಭೂಕಂಪವಾದದ್ದು ಬೆಳಗಿನ ಜಾವ ನಾಲ್ಕಕ್ಕೆ ಕೆಲವೇ ನಿಮಿಷ ಮೊದಲು. ಹಿಂದಿನ ದಿನ ಗಣಪತಿ ಕಳಿಸಿ ಜನ ಮಲಗಿದ್ದರು. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆಯೇ ಬಿದ್ದವು. ಹತ್ತು ಸಾವಿರದ ಹತ್ತಿರ ಜನ ಹೋದರು. ಆಗ ನಾನು ಉಮರ್ಗಾದಲ್ಲಿದ್ದೆ. ಬೆಳಗಾಗುವುದರೊಳಗೆ ಟ್ರಾಕ್ಟರು, ಟೆಂಪೋ, ಟ್ರಕ್ಕುಗಳಲ್ಲಿ ಗಾಯವಾದವರನ್ನು ತರತೊಡಗಿದರು. ರಕ್ತದ ಗುಂಪು ನೋಡಬೇಕು, ಬೆರಳು ಚುಚ್ಚಬೇಕು. ಚುಚ್ಚಿದರೆ ರಕ್ತ ಬರಲಿಲ್ಲ. ಒಬ್ಬರದಲ್ಲ, ಸಾಲಾಗಿ ಎಷ್ಟೋ ಜನರದು. ಮೈಮೇಲೆ ದೊಡ್ಡ ಗಾಯವಿಲ್ಲದವರ ಬೆರಳುಗಳೂ ಸುಣ್ಣದ ಹಾಗೆ ಬಿಳಿಚಿ, ಮುಟ್ಟಿದರೆ ಕೊರೆಯುತ್ತಿದ್ದವು. ಅವತ್ತು ನಮ್ಮ ಜೊತೆಗಿದ್ದ ಹಿರಿಯ ನರ್ಸ್ ಒಬ್ಬರು ಒಂದು ಮಗುವಿನ ಕೈಯನ್ನು ತಮ್ಮ ಎರಡೂ ಅಂಗೈಯ ನಡುವೆ ಮುಚ್ಚಿ ಹಿಡಿದುಕೊಂಡು ಕೂತರು. ಅವಸರ ಮಾಡಲಿಲ್ಲ. ಎರಡು ನಿಮಿಷಕ್ಕೆ ಬೆರಳಿಗೆ ಬಣ್ಣ ಬಂತು. ನನಗೆ ಯಾವ ತರಬೇತಿಯಲ್ಲೂ ಸಿಗದ ಪಾಠ ಅಲ್ಲಿ ಸಿಕ್ಕಿತು. ಅಂಥ ಹೊತ್ತಿನಲ್ಲಿ, ರಕ್ತದೊತ್ತಡ ಕುಸಿದು ಮೈ ತಣ್ಣಗಾದಾಗ, ಬೆರಳಿನ ರಕ್ತ ತೋರಿಸುವ ಸಕ್ಕರೆಯ ಅಂಕಿಯನ್ನೂ ನಂಬಬಾರದು, ನರದಿಂದಲೇ ರಕ್ತ ತೆಗೆಯಬೇಕೆಂದು ಆಮೇಲೆ ಕಲಿತೆ.

ದಿನನಿತ್ಯದ ಚಳಿಗೂ ಬೆರಳು ಹೀಗೆಯೇ ನಡೆದುಕೊಳ್ಳುತ್ತದೆ, ಅಷ್ಟು ಜೋರಾಗಿ ಅಲ್ಲ ಅಷ್ಟೇ. ನಮ್ಮ ಕಡೆ ಡಿಸೆಂಬರ್, ಜನವರಿಯ ಮುಂಜಾವು ಕೊರೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ನೋಡಬೇಕೆಂದು ಹಾಸಿಗೆಯಿಂದೆದ್ದು, ಹಗೇವಿನ ಹಾಗೆ ತಣ್ಣಗಿರುವ ಕೋಣೆಯಲ್ಲಿ ಕೂತು ಚುಚ್ಚಿದರೆ ಎಲ್ಲಿಂದ ಬಂದೀತು? ಅದಕ್ಕೂ ಮೊದಲು ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿ ಬಾಯಿಗೆ ಹಾಕಿಕೊಂಡಿದ್ದರೆ ಮುಗಿಯಿತು. ತಂಬಾಕಿನ ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ. ಬೀಡಿಯೂ ಅಷ್ಟೇ. ಉಮರ್ಗಾದ ಒಬ್ಬ ಕಾಕಾ ಹೆಬ್ಬೆರಳನ್ನೇ ಚುಚ್ಚುತ್ತಿದ್ದರು, ದಪ್ಪ ಬೆರಳಲ್ಲಿ ರಕ್ತ ಹೆಚ್ಚು ಎಂದು. ನಲವತ್ತು ವರ್ಷ ತಂಬಾಕಿಗೆ ಸುಣ್ಣ ತಿಕ್ಕಿದ ಹೆಬ್ಬೆರಳು ಅದು. ನಾನು ಚುಚ್ಚಿದ್ದರೂ ಬರುತ್ತಿರಲಿಲ್ಲ.

ಹನಿ ಬರದಿದ್ದಾಗ ಎಲ್ಲರೂ ಮಾಡುವ ಕೆಲಸ ಹಿಂಡುವುದು. ಈ ಬರಹದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ: ಬೆರಳ ತುದಿಯನ್ನು ಹಿಂಡಬೇಡಿ. ನಿಂಬೆಹಣ್ಣು ಹಿಂಡಿದ ಹಾಗೆ ಉಗುರಿನ ಹತ್ತಿರ ಒತ್ತಿ ಹಿಡಿದರೆ ರಕ್ತನಾಳಗಳು ಚಪ್ಪಟೆಯಾಗಿ ಇನ್ನಷ್ಟು ಮುಚ್ಚಿಕೊಳ್ಳುತ್ತವೆ. ಅಷ್ಟಾದ ಮೇಲೂ ಏನಾದರೂ ಬಂದರೆ ಅದು ಬರೀ ರಕ್ತವಲ್ಲ. ಜೀವಕೋಶಗಳ ಸುತ್ತಲಿನ ನೀರು ಅದರ ಜೊತೆ ಸೇರಿರುತ್ತದೆ. ಹನಿ ತೆಳ್ಳಗೆ, ನಸುಗೆಂಪಾಗಿ ಕಾಣುತ್ತದೆ. ನೀರು ಬೆರೆತ ಹಾಲಿನ ಡಿಗ್ರಿ ನೋಡಿದಂತೆ, ಆ ಹನಿಯ ಅಂಕಿಯನ್ನೂ ನಂಬಲಾಗದು, ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಚಿಗವ್ವನ ವಹಿಯಲ್ಲಿದ್ದ ಎರಡು ಅಂಕಿಗಳಲ್ಲಿ ಒಂದು 94. ಅದನ್ನು ನೋಡಿ ಖುಷಿಯಾಗಿ ಎರಡು ದಿನ ಗುಳಿಗೆ ಬಿಟ್ಟಿದ್ದಳಂತೆ. ನನಗೆ ಎದೆ ಝಲ್ಲೆಂದಿತು. ರಕ್ತ ಬರದೆ ಇದ್ದರೆ ಒಂದು ಸ್ಟ್ರಿಪ್ಪು ಹೋಗುತ್ತದೆ, ಅಷ್ಟೇ. ಹಿಂಡಿ ತೆಗೆದ ಸುಳ್ಳು ಅಂಕಿಯನ್ನು ನಂಬಿ ಔಷಧ ಬಿಟ್ಟರೆ ಹೋಗುವುದು ಬೇರೆ.

ಹಿಂಡದೆ ತೆಗೆಯುವುದು ಹೇಗೆಂದು ಅವತ್ತು ಅವಳ ಅಡುಗೆಮನೆಯಲ್ಲೇ ಕೂತು ತೋರಿಸಿದೆ. ಒಲೆಯ ಮೇಲೆ ಸ್ನಾನದ ನೀರು ಕಾಯುತ್ತಿತ್ತು. ಒಂದು ತಂಬಿಗೆ ಬಿಸಿನೀರು ತೆಗೆದು, ಕೈಗೆ ಹಿತವಾಗುವಷ್ಟು ತಣ್ಣೀರು ಬೆರೆಸಿ, ಸಾಬೂನು ಹಚ್ಚಿ ಎರಡೂ ಕೈ ತೊಳೆಸಿದೆ. ಒಂದು ನಿಮಿಷ ಬೆಚ್ಚಗಿನ ನೀರಿನಲ್ಲಿ ಬೆರಳು ಅದ್ದಿ ಇಡಿಸಿದೆ. ಆಮೇಲೆ ಒಣ ಬಟ್ಟೆಯಿಂದ ಬೆರಳ ಸಂದುಗಳೂ ಒಣಗುವ ಹಾಗೆ ಒರೆಸಿದೆ, ಒದ್ದೆ ಉಳಿದರೆ ಹನಿಗೆ ನೀರು ಬೆರೆಯುತ್ತದೆ. ಕೈಯನ್ನು ಸೊಂಟದ ಕೆಳಗೆ ಇಳಿಬಿಟ್ಟು, ಹೊಲದಿಂದ ಬಂದು ಕೈ ಝಾಡಿಸುವ ಹಾಗೆ ಅರ್ಧ ನಿಮಿಷ ಝಾಡಿಸು ಎಂದೆ. ರೊಟ್ಟಿ ಬಡಿಯುವ ಕೈ ಬಲಗೈ, ಹಾಗಾಗಿ ಎಡಗೈ ಹಿಡಿದೆ. ಎಡಗೈಯಲ್ಲಿ ಉಂಗುರದ ಬೆರಳು. ಅದು ಕೆಲಸ ಕಡಿಮೆ ಮಾಡುವ ಬೆರಳು, ಚರ್ಮ ಮೆತ್ತಗೆ ಉಳಿದಿರುತ್ತದೆ. ಕಿರುಬೆರಳಿನಲ್ಲಿ ಮಾಂಸ ತೆಳುವು, ಎಲುಬು ಹತ್ತಿರ, ಅದನ್ನು ಬಿಡಬೇಕು. ಚುಚ್ಚುವ ಜಾಗವೂ ತುದಿಯ ನಟ್ಟನಡುವಲ್ಲ. ಉಗುರಿನ ಅಂಚಿಗೂ ಬೆರಳಿನ ಹೊಟ್ಟೆಗೂ ನಡುವಿನ ಪಕ್ಕ. ನೋವಿನ ನರಗಳು ನಡುವಿನಲ್ಲಿ ಹೆಚ್ಚು, ಪಕ್ಕಕ್ಕೆ ಕಡಿಮೆ. ರಕ್ತ ಮಾತ್ರ ಎರಡೂ ಕಡೆ ಅಷ್ಟೇ ಇದೆ.

ಪೆನ್ನಿನ ತಲೆ ತಿರುವಿದರೆ ಒಂದರಿಂದ ಐದರವರೆಗೆ ನಂಬರು ಬರುತ್ತವೆ, ಸೂಜಿ ಎಷ್ಟು ಆಳ ಇಳಿಯಬೇಕೆಂಬ ಲೆಕ್ಕ ಅದು. ಚಿಗವ್ವನಂಥ ಕೈಗೆ ಎರಡು ಸಾಲದು, ನಾಲ್ಕಕ್ಕೆ ಇಟ್ಟೆ. ಪೆನ್ನನ್ನು ಬೆರಳಿಗೆ ತಾಗಿಯೂ ತಾಗದ ಹಾಗೆ ಹಿಡಿದರೆ ಸೂಜಿ ಅರ್ಧಕ್ಕೇ ನಿಲ್ಲುತ್ತದೆ, ಚರ್ಮಕ್ಕೆ ಒತ್ತಿ ಕೂರಿಸಬೇಕು. ಸೂಜಿಯ ಮೇಲಿನ ನಂಬರಿನ ಲೆಕ್ಕ ತಿರುಗುಮುರುಗು: 33 ಎಂದರೆ ಬಹಳ ಸಣ್ಣದು, 28 ಎಂದರೆ ಅದಕ್ಕಿಂತ ದಪ್ಪ. ಪೇಟೆಯ ಮೆತ್ತಗಿನ ಬೆರಳಿಗೆ 33 ಸುಖ. ಹೊಲದ ಬೆರಳಿಗೆ 28 ಕೇಳಿ ತೆಗೆದುಕೊಳ್ಳಿ. ಪೆನ್ನು ಟಕ್ ಎಂದಿತು. ಚಿಗವ್ವ ತಕ್ಷಣ ಇನ್ನೊಂದು ಕೈಯಿಂದ ಹಿಂಡಲು ಹೋದಳು, ರೂಢಿ. ಅವಳ ಕೈ ಹಿಡಿದು ನಿಲ್ಲಿಸಿದೆ. ಸೂಜಿ ತಾಗಿದ ಕೂಡಲೇ ರಕ್ತನಾಳ ಒಮ್ಮೆ ಬೆಚ್ಚಿ ಬಿಗಿದುಕೊಳ್ಳುತ್ತದೆ, ನಾಲ್ಕೈದು ಎಣಿಸುವಷ್ಟು ಹೊತ್ತು ಬಿಟ್ಟರೆ ಸಡಿಲಾಗುತ್ತದೆ. ಆಮೇಲೆ ಅಂಗೈಯಿಂದ ಬೆರಳ ಬುಡಕ್ಕೆ, ಬುಡದಿಂದ ಮೇಲಕ್ಕೆ, ಹಸುವಿನ ಕೆಚ್ಚಲು ನೀವಿದ ಹಾಗೆ ಮೆಲ್ಲಗೆ ನೀವಬೇಕು. ತುದಿಯ ಗೆಣ್ಣಿಗೆ ಬಂದಾಗ ನಿಲ್ಲಿಸಿ ಬಿಡಬೇಕು. ಎರಡನೇ ಸಲ ನೀವಿದಾಗ ಹನಿ ಮೂಡಿತು, ದುಂಡಗೆ, ಕಡುಗೆಂಪಾಗಿ. "ಅಯ್ಯ, ಬಂತಲ್ಲ!" ಎಂದು ಅವಳು ಹನಿಯನ್ನು ನೋಡುತ್ತಲೇ ಕೂತಳು, ಸ್ಟ್ರಿಪ್ಪಿಗೆ ಹಚ್ಚುವುದನ್ನೇ ಮರೆತಳು. ಹನಿಯನ್ನು ಸ್ಟ್ರಿಪ್ಪಿನ ಮೇಲೆ ಬೀಳಿಸುವುದಲ್ಲ. ಸ್ಟ್ರಿಪ್ಪಿನ ಅಂಚನ್ನು ಹನಿಗೆ ತಾಗಿಸಿದರೆ ಅದು ತಾನೇ ಹೀರಿಕೊಳ್ಳುತ್ತದೆ. ಅವತ್ತಿನ ಅಂಕಿ 187. ಅವಳು 94ರ ಕಡೆ ಬೆರಳು ತೋರಿಸಿ ನನ್ನ ಮುಖ ನೋಡಿದಳು. ಆ 94 ನಿಜವಾಗಿರಲಿಕ್ಕಿಲ್ಲ, ಗುಳಿಗೆಯನ್ನು ಕೇಳದೆ ಇನ್ನು ಬಿಡಬೇಡ ಎಂದೆ.

ಕೈ ತೊಳೆಯುವುದು ಶುದ್ಧಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಅಷ್ಟೇ ಅಲ್ಲ. ಜಪಾನಿನ ವೈದ್ಯರು 2011ರಲ್ಲಿ ಒಂದು ಸರಳ ಪರೀಕ್ಷೆ ಮಾಡಿ ಪ್ರಕಟಿಸಿದರು. ಜನರಿಗೆ ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣು ಸುಲಿಯಲು ಕೊಟ್ಟು, ಆಮೇಲೆ ಬೆರಳು ಚುಚ್ಚಿ ನೋಡಿದರು. ಹಣ್ಣು ತಿಂದಿರಲಿಲ್ಲ, ಬರೀ ಸುಲಿದದ್ದು. ಅಂಕಿ ಏರಿತು. ಸ್ಪಿರಿಟ್ ಹತ್ತಿಯಿಂದ ಬೆರಳು ಒರೆಸಿ ನೋಡಿದರೂ ಏರಿಯೇ ಇತ್ತು. ನಲ್ಲಿ ನೀರಿನಲ್ಲಿ ಕೈ ತೊಳೆದ ಮೇಲಷ್ಟೇ ನಿಜದ ಅಂಕಿ ಬಂತು. ಉದಗೀರದ ನಮ್ಮ ಓಣಿಯಲ್ಲಿ ಮೇ ತಿಂಗಳಲ್ಲಿ ಇದೇ ಆಯಿತು. ಮೊಮ್ಮಕ್ಕಳಿಗೆ ಮಾವಿನಹಣ್ಣು ಹೆಚ್ಚಿಕೊಟ್ಟ ಅಜ್ಜಿಯೊಬ್ಬರು ಸೀರೆ ಸೆರಗಿಗೆ ಕೈ ಒರೆಸಿ ಚುಚ್ಚಿದರು. 311 ಬಂತೆಂದು ಮನೆಯಲ್ಲಿ ಗದ್ದಲ, ಅಟೋ ಕರೆಯಲು ಹುಡುಗ ಓಡಿದ್ದ. ಕೈ ತೊಳೆಸಿ ಇನ್ನೊಂದು ಕೈಯ ಬೆರಳಿನಲ್ಲಿ ನೋಡಿದೆ, 168. ಬೆಲ್ಲ ಮುಟ್ಟಿದ ಕೈಯೂ ಹೀಗೇ ಮೋಸ ಮಾಡುತ್ತದೆ. ಹೊಲದಲ್ಲೋ ಬಸ್ಸಿನಲ್ಲೋ ನೀರು ಸಿಗದಿದ್ದರೆ ಮೊದಲ ಹನಿಯನ್ನು ಒರೆಸಿ ತೆಗೆದು ಎರಡನೇ ಹನಿಯನ್ನು ಹಚ್ಚಬೇಕು. ಕೈ ತೊಳೆದು ಒಣಗಿಸಿದ್ದರೆ ಮೊದಲ ಹನಿಯೇ ಸಾಕು.

ನಮ್ಮ ಬಿಸಿಲಿನ ಬಗ್ಗೆಯೂ ಒಂದು ಮಾತು. ಸ್ಟ್ರಿಪ್ಪಿನ ಮೇಲೆ ಕಿಣ್ವದ ಲೇಪ ಇರುತ್ತದೆ. ಬೇಸಿಗೆಯಲ್ಲಿ ನಲವತ್ತೆರಡು ಡಿಗ್ರಿ ಏರುವ ತಗಡಿನ ಮನೆಯಲ್ಲಿ, ಅದೂ ಮುಚ್ಚಳ ತೆರೆದಿಟ್ಟರೆ, ಲೇಪ ಕೆಡುತ್ತದೆ. ಹೆಚ್ಚಿನ ಡಬ್ಬಿಗಳ ಮೇಲೆ 30 ಡಿಗ್ರಿಯೊಳಗೆ ಇಡಿ ಎಂದು ಬರೆದಿರುತ್ತದೆ. ಫ್ರಿಜ್ಜಿನಲ್ಲೂ ಇಡಬಾರದು, ತೇವ ಹಿಡಿಯುತ್ತದೆ. ನೀರಿನ ಗಡಿಗೆ ಇಡುವ ನೆರಳಿನ ಮೂಲೆಯಲ್ಲಿ, ಗಡಿಗೆಗೆ ತಾಗದಂತೆ, ಅದರದೇ ಡಬ್ಬಿಯಲ್ಲಿ ಬಿಗಿ ಮುಚ್ಚಿ ಇಡಿ. ಇನ್ನು ಮಷೀನಿನ ಅಂಕಿಗೂ ಲ್ಯಾಬಿನ ಅಂಕಿಗೂ ಹತ್ತು ಹದಿನೈದು ಹೆಚ್ಚುಕಡಿಮೆಯಾದರೆ ಮಷೀನು ಕೆಟ್ಟಿದೆ ಎಂದು ಎಸೆಯಬೇಡಿ. 100ರ ಮೇಲಿನ ಅಂಕಿಗಳಲ್ಲಿ ನೂರಕ್ಕೆ ಹದಿನೈದರವರೆಗಿನ ವ್ಯತ್ಯಾಸವನ್ನು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಆದರೆ ರಕ್ತ ತೀರಾ ಕಡಿಮೆ ಇರುವವರಲ್ಲಿ, ಅಂದರೆ ಹಿಮೋಗ್ಲೋಬಿನ್ ಇಳಿದವರಲ್ಲಿ, ಮಷೀನು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. "ರಗತ ಇಲ್ಲ" ಎಂಬ ಮಾತಿಗೆ ಇಲ್ಲಿ ಮಾತ್ರ ಒಂದು ಅರ್ಥವಿದೆ. ರಕ್ತಹೀನತೆ ಇದ್ದವರ ಬೆರಳಲ್ಲೂ ಹನಿ ಬರುತ್ತದೆ, ಅಂಕಿಯನ್ನು ಮಾತ್ರ ಡಾಕ್ಟರಿಗೆ ಹೇಳಿ ತಾಳೆ ನೋಡಿಸಿಕೊಳ್ಳಬೇಕು.

ಒಂದು ಸೂಜಿಯನ್ನು ಮನೆಮಂದಿಯೆಲ್ಲ ಬಳಸುವುದನ್ನು ನಾನು ಕಂಡಿದ್ದೇನೆ. ಅತ್ತೆ, ಸೊಸೆ, ನೋಡಲು ಬಂದ ಬೀಗರು, ಎಲ್ಲರಿಗೂ ಒಂದೇ. ಇದನ್ನು ಕೈಮುಗಿದು ಬೇಡುತ್ತೇನೆ, ಮಾಡಬೇಡಿ. ಹೆಪಟೈಟಿಸ್ ಬಿ ಹರಡಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಪೆನ್ನೂ ಒಬ್ಬರಿಗೆ ಒಂದು. ತಮ್ಮದೇ ಸೂಜಿಯನ್ನು ತಿಂಗಳುಗಟ್ಟಲೆ ಬಳಸಿದರೂ ಮೊನೆ ಮೊಂಡಾಗಿ ನೋವು ಹೆಚ್ಚುತ್ತದೆ, ರಕ್ತ ಕಡಿಮೆ ಬರುತ್ತದೆ. ಸ್ಟ್ರಿಪ್ಪಿನ ಬೆಲೆಯ ಮುಂದೆ ಸೂಜಿಯ ಬೆಲೆ ಬಹಳ ಕಡಿಮೆ, ಅದರಲ್ಲಿ ಉಳಿತಾಯ ಮಾಡುವುದು ಬೇಡ.

ಉಳಿತಾಯ ಬೇರೆ ಕಡೆ ಆಗಬಹುದು. ದಿನಾ ಚುಚ್ಚಿಕೊಳ್ಳುವ ಅಗತ್ಯ ಎಲ್ಲರಿಗೂ ಇಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಸಕ್ಕರೆಯನ್ನು ತಟ್ಟನೆ ಇಳಿಸುವ ಗುಳಿಗೆ ನುಂಗುವವರಿಗೆ, ಬಸುರಿಯರಿಗೆ ಬೇಕೇ ಬೇಕು. ಬೆವರು, ನಡುಕ, ಕಣ್ಣು ಕತ್ತಲೆ ಬಂದಾಗ ನೋಡಬೇಕು, 70ರ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ಉಳಿದವರು ಡಾಕ್ಟರನ್ನು ಕೇಳಿ ವಾರಕ್ಕೆ ಇಷ್ಟು ಎಂದು ಗೊತ್ತು ಮಾಡಿಕೊಂಡರೆ ಸಾಕು. ದಿನಕ್ಕೆ ಮೂರು ಸಲ ಅರ್ಥವಿಲ್ಲದೆ ಚುಚ್ಚಿ ಬೇಸತ್ತು ಡಬ್ಬಿ ಮುಚ್ಚಿ ಇಡುವುದಕ್ಕಿಂತ, ವಾರಕ್ಕೆ ಎರಡು ಸಲ ಸರಿಯಾಗಿ ನೋಡಿ ಬರೆದಿಡುವುದು ನನಗೆ ಸರಿ ಕಾಣುತ್ತದೆ. ಉದಗೀರದಲ್ಲಿ ರಂಜಾನ್ ತಿಂಗಳಲ್ಲಿ ಹಲವರು ಕೇಳುತ್ತಾರೆ, ಬೆರಳು ಚುಚ್ಚಿದರೆ ರೋಜಾ ಮುರಿಯುತ್ತದೆಯೇ ಎಂದು. ಮುರಿಯುವುದಿಲ್ಲವೆಂದು ಧರ್ಮ ತಿಳಿದವರೂ, ವೈದ್ಯರೂ ಒಟ್ಟಿಗೆ ಹೇಳಿದ್ದಾರೆ. ಶ್ರಾವಣ ಸೋಮವಾರಕ್ಕೂ ಏಕಾದಶಿಗೂ ಅದೇ ಮಾತು. ಉಪವಾಸದ ದಿನವೇ ನೋಡಿಕೊಳ್ಳುವುದು ಹೆಚ್ಚು ಅಗತ್ಯ.

ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಬಂದಿದೆಯಲ್ಲ ಎಂದು ಪುಣೆ, ಹೈದರಾಬಾದಿನ ಮಕ್ಕಳು ಕೇಳುತ್ತಾರೆ. ಎರಡು ವಾರ ಬೆರಳು ಮುಟ್ಟುವ ಕೆಲಸವಿಲ್ಲ, ನಿಜ, ಇನ್ಸುಲಿನ್ ಮೇಲಿರುವ ಮಕ್ಕಳಿಗೆ ದೊಡ್ಡ ಉಪಕಾರ. ಆದರೆ ಸಾವಿರಗಟ್ಟಲೆ ರೂಪಾಯಿಯ ಆ ಬಿಲ್ಲೆ ತೊಗರಿ ರಾಶಿ ಮಾಡುವ ಮನೆಗಳಿಗೆ ಎಲ್ಲಿಯದು? ಸೆನ್ಸರಿನ ಅಂಕಿಯ ಮೇಲೆ ಸಂಶಯ ಬಂದಾಗ ಅದೂ ಬೆರಳಿನ ಹನಿಯನ್ನೇ ಕೇಳುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಹಳ್ಳಿಗಳಲ್ಲೂ ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಗೆ ಇದೆ. ಮೂವತ್ತು ದಾಟಿದವರಿಗೆ ಉಪಕೇಂದ್ರದಲ್ಲಿ ಬೆರಳು ಚುಚ್ಚಿ ಪುಕ್ಕಟೆ ನೋಡುತ್ತಾರೆ, ಆಶಾ ತಾಯಂದಿರು ಮನೆಗೇ ಬಂದು ಹೆಸರು ಬರೆದುಕೊಂಡು ಹೋಗುತ್ತಾರೆ. ಅವರಿಗೆ ಕನ್ನಡ ಬರುತ್ತದೆ, ಹಳ್ಳಿಯ ಕೈಗಳ ಪರಿಚಯವಿದೆ. ಮಷೀನು ಕೊಂಡವರ ಮನೆಯಲ್ಲಿ ಒಮ್ಮೆ ಕೂತು, ಬಿಸಿನೀರು, ಉಂಗುರದ ಬೆರಳು, ಪಕ್ಕಕ್ಕೆ ಚುಚ್ಚು, ಹಿಂಡಬೇಡ ಎಂದು ತೋರಿಸುವ ಕೆಲಸವನ್ನೂ ಅವರ ತರಬೇತಿಗೆ ಸೇರಿಸಿದರೆ ಎಷ್ಟೋ ಡಬ್ಬಿಗಳು ಮಾಡದಿಂದ ಕೆಳಗಿಳಿಯುತ್ತವೆ. ಮಾರುವ ಅಂಗಡಿಯವರೂ ಒಂದು ಸೂಜಿ, ಒಂದು ಸ್ಟ್ರಿಪ್ಪು ಖರ್ಚು ಮಾಡಿ ಕೊಳ್ಳುವವರ ಬೆರಳಿನಲ್ಲೇ ತೋರಿಸಿ ಕಳಿಸಬೇಕು.

ಇಷ್ಟೆಲ್ಲ ಮಾಡಿದರೂ ಬೆರಳು ಸದಾ ತಣ್ಣಗೆ, ಬೆಳ್ಳಗೆ ಅಥವಾ ನೀಲಿಯಾಗಿ ಉಳಿದರೆ, ಜೋಮು ಹಿಡಿದರೆ, ಚುಚ್ಚಿದ ಜಾಗ ವಾರವಾದರೂ ಮಾಯದಿದ್ದರೆ ಅದನ್ನು ಡಾಕ್ಟರಿಗೆ ತೋರಿಸಿ. ಅಂಥವರಿಗೆ ಹೆಬ್ಬೆರಳಿನ ಬುಡದ ಅಂಗೈಯ ದಿಂಡಿನಿಂದ ಹನಿ ತೆಗೆಯಲು ಕೆಲವು ಮಷೀನುಗಳಲ್ಲಿ ಅನುಕೂಲವಿದೆ. ಮುಂಗೈಯಿಂದಲೂ ತೆಗೆಯಬಹುದು, ಆದರೆ ಊಟದ ನಂತರ, ಸಕ್ಕರೆ ಏರುತ್ತ ಇಳಿಯುತ್ತ ಇರುವಾಗ, ಮುಂಗೈಯ ರಕ್ತ ಬೆರಳಿನದಕ್ಕಿಂತ ಹಿಂದೆ ಬೀಳುತ್ತದೆ. ಸಕ್ಕರೆ ಇಳಿದಿದೆ ಎಂಬ ಸಂಶಯವಿದ್ದಾಗ ಬೆರಳೇ ಬೇಕು.

ಮೊನ್ನೆ ಜೋಳದ ಸೀತನಿ ತಿನ್ನಲು ಬಾ ಎಂದು ಚಿಗವ್ವ ಕರೆದಿದ್ದಳು. ಮಾಡದ ಪಕ್ಕದ ಡಬ್ಬಿ ಈಗ ಗಡಿಗೆಯ ಮೂಲೆಗೆ ಬಂದಿದೆ. ಜೊತೆಗೆ ಮೊಮ್ಮಗಳ ಹಳೆಯ ವಹಿ. ನಾಲ್ಕನೇ ಇಯತ್ತೆಯವರೆಗೆ ಮರಾಠಿ ಓದಿದ ಚಿಗವ್ವ ಅದರಲ್ಲಿ ದೇವನಾಗರಿ ಅಂಕಿಗಳಲ್ಲಿ ವಾರಕ್ಕೆ ಎರಡರಂತೆ ಬರೆದಿದ್ದಾಳೆ. ತಾರೀಖು, ಖಾಲಿ ಹೊಟ್ಟೆ ಅಥವಾ ಉಂಡ ಮೇಲೆ, ಎಷ್ಟು ಬಂತು. ನಾಲ್ಕನೆಯ ಮನೆಯೊಂದನ್ನು ಯಾರೂ ಹೇಳದೆ ತಾನೇ ಗೆರೆ ಎಳೆದು ಮಾಡಿಕೊಂಡಿದ್ದಾಳೆ. ಅದರಲ್ಲಿ ಒಂದು ಸಣ್ಣ ಕೈಯ ಚಿತ್ರ, ಅವತ್ತು ಚುಚ್ಚಿದ ಬೆರಳಿನ ಪಕ್ಕಕ್ಕೆ ಒಂದು ಚುಕ್ಕೆ. ಯಾವ ಬೆರಳಿಗೂ ಸಾಲಾಗಿ ಎರಡು ಸಲ ಚುಕ್ಕೆ ಬಿದ್ದಿಲ್ಲ.